ಸೆರಗಿನ ಕೆಂಪು ಕದಡದಂತೆ ಫೋಟೊ ಹಗುರವಾಗಿಸಲು

ಪ್ರಶ್ನೆ: ನಮ್ಮದು ಸೀರೆ ನೇಯುವ ಮನೆತನ. ಸೀರೆಗಳ ಫೋಟೊಗಳನ್ನು ಮೊಬೈಲ್‌ನಲ್ಲಿ ತೆಗೆದು ಅಂತರ್ಜಾಲದಲ್ಲಿ ಹಾಕುತ್ತೇವೆ. ಒಂದೊಂದೂ 5–6 ಎಂಬಿ ಇರುವುದರಿಂದ ತೆರೆದುಕೊಳ್ಳಲು ಬಹಳ ಹೊತ್ತು ಬೇಕೆಂದು ಗಿರಾಕಿಗಳು ದೂರುತ್ತಾರೆ. ಆ್ಯಪ್ ಒಂದರಲ್ಲಿ ಗಾತ್ರ ಇಳಿಸಿದರೆ ತೋಪ್ ತೆನಿ ಸೆರಗಿನ ಕೆಂಪು ಬಣ್ಣ ಕದಡಿಹೋಗುತ್ತದೆ. ಪರಿಹಾರವೇನು?
— ಓದುಗರೊಬ್ಬರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಚಿತ್ರದ ಅಳತೆಯನ್ನು ಮುಟ್ಟದೆ ಗುಣಮಟ್ಟವನ್ನು ಮಾತ್ರ ವಿಪರೀತ ತಗ್ಗಿಸಿದರೆ ಹೀಗಾಗುವುದುಂಟು. ಮೊದಲು ಅಳತೆಯನ್ನು ಇಳಿಸಿರಿ. 4000×3000 ಅಳತೆಯ ಫೋಟೊದಲ್ಲಿ 1 ಕೋಟಿ 20 ಲಕ್ಷ ಬಣ್ಣದ ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳಿರುತ್ತವೆ. ಅದನ್ನೇ 1600×1200ಕ್ಕೆ ತಂದರೆ ಉಳಿಯುವುದು 19 ಲಕ್ಷ 20 ಸಾವಿರ, ಅಂದರೆ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಮೊಬೈಲ್ ಪರದೆಯಲ್ಲಿ ಇಡೀ ಸೀರೆಯನ್ನು ನೋಡುವವರಿಗೆ ಅಷ್ಟು ಸಾಕು. ಅನಂತರ ಜೆಪೆಗ್ (ಫೋಟೊಗಳನ್ನು ಕುಗ್ಗಿಸಿ ಉಳಿಸುವ ಸಾಮಾನ್ಯ ಕಡತ ರೂಪ) ಗುಣಮಟ್ಟವನ್ನು ನೂರಕ್ಕೆ 80ರ ಆಸುಪಾಸಿನಲ್ಲಿರಿಸಿ ಉಳಿಸಿಕೊಳ್ಳಿರಿ.

ಇನ್ನು ಕೆಂಪಿನ ವಿಚಾರ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸುವುದಿಲ್ಲವಾದ್ದರಿಂದ, ಜೆಪೆಗ್ ವಿಧಾನವು ಬೆಳಕನ್ನೂ ಬಣ್ಣವನ್ನೂ ಬೇರ್ಪಡಿಸುತ್ತದೆ. ಹಲವು ತಂತ್ರಾಂಶಗಳು ಬಣ್ಣದ ವಿವರವನ್ನು ಉದ್ದಗಲಗಳೆರಡರಲ್ಲೂ ಅರ್ಧಕ್ಕಿಳಿಸಿ ಜಾಗ ಉಳಿಸುತ್ತವೆ. ಮುಖದ ಫೋಟೊದಲ್ಲಿ ಇದು ಗೊತ್ತೇ ಆಗದು. ಆದರೆ ಕಡುಗೆಂಪು ನೆಲದ ಮೇಲೆ ಸಣ್ಣ ಬಿಳಿ ವಿನ್ಯಾಸವಿರುವ ಸೆರಗಿನಲ್ಲಿ ಎರಡರ ಅಂಚುಗಳು ಒಂದರೊಳಗೊಂದು ಇಳಿದು ಮಸುಕಾಗುತ್ತವೆ. ಹೀಗಾಗಿ ದೋಷ ನಿಮ್ಮ ಕ್ಯಾಮೆರಾದ್ದಾಗಿರಲಾರದು. ಕಂಪ್ಯೂಟರಿನಲ್ಲಿ ಉಚಿತವಾಗಿ ದೊರೆಯುವ ಗಿಂಪ್ ತಂತ್ರಾಂಶದಲ್ಲಿ ಜೆಪೆಗ್ ಆಗಿ ಉಳಿಸುವಾಗ ಸಬ್‌ಸ್ಯಾಂಪ್ಲಿಂಗ್ ಎಂಬ ಆಯ್ಕೆಯಿರುತ್ತದೆ. ಅಲ್ಲಿ 4:4:4 ಎಂಬುದನ್ನು ಆರಿಸಿದರೆ ಬಣ್ಣದ ವಿವರ ಪೂರ್ತಿಯಾಗಿ ಉಳಿಯುತ್ತದೆ. ಕಡತ ತುಸು ದೊಡ್ಡದಾದೀತು, ಆದರೆ ಸೀರೆ ಮಾರುವವರು ಅಷ್ಟನ್ನು ಸಹಿಸಿಕೊಳ್ಳುವುದೇ ಮೇಲು.

ಸೆರಗಿನ ಕುಸುರಿಯನ್ನು ತೋರಿಸಲು ಇಡೀ ಸೀರೆಯ ಚಿತ್ರವನ್ನೇ ನೆಚ್ಚಿಕೊಳ್ಳಬೇಡಿರಿ. ಮೂಲ ಫೋಟೊದಿಂದ ಆ ಭಾಗವನ್ನಷ್ಟೇ ಕತ್ತರಿಸಿ, ಅಳತೆ ಇಳಿಸದೆ, ಎರಡನೆಯ ಚಿತ್ರವಾಗಿ ಕೊಡಿರಿ. ಪ್ರತಿ ಬಾರಿಯೂ ಮೂಲದಿಂದಲೇ ಕೆಲಸ ಆರಂಭಿಸುವುದು ಅಗತ್ಯ; ಒಮ್ಮೆ ಇಳಿಸಿದ ಜೆಪೆಗ್ ಚಿತ್ರವನ್ನು ತಿದ್ದಿ ಮತ್ತೆ ಉಳಿಸಿದಾಗಲೆಲ್ಲ ಇನ್ನಷ್ಟು ವಿವರ ನಷ್ಟವಾಗಬಹುದು.

ಮೊಬೈಲ್ ಕ್ಯಾಮೆರಾದಲ್ಲಿ ಸ್ಥಳದ ಗುರುತು ಚಾಲೂ ಇದ್ದರೆ, ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳು ಕಡತದೊಳಗೆ ಸೇರಿಕೊಂಡಿರುತ್ತವೆ. ಮನೆಯಲ್ಲೇ ಮಗ್ಗವಿರುವವರು ಗಿಂಪ್‌ನಲ್ಲಿ ಉಳಿಸುವಾಗಲೇ ಎಕ್ಸಿಫ್ (ಫೋಟೊ ತೆಗೆದ ಜಾಗ, ಸಮಯ ಮುಂತಾದ ವಿವರ) ಎಂಬ ಆಯ್ಕೆಯ ಟಿಕ್ ಗುರುತನ್ನು ತೆಗೆದುಬಿಡುವುದು ಒಳ್ಳೆಯದು.