ಮಡಿಕೇರಿಗೆ ಇಷ್ಟೊಂದು ಪ್ರವಾಸಿಗರು ಬಂದರೂ ಕಸ, ರಸ್ತೆಗೆ ನಗರಸಭೆ ಸರ್ಕಾರದ ಮುಂದೆ ಕೈಚಾಚುವುದೇಕೆ?

ಪ್ರವಾಸಿಗ ಖರ್ಚು ಮಾಡುವ ಹಣದ ಮೇಲಿನ ತೆರಿಗೆ ನಗರಸಭೆಗೆ ಬರುವುದೇ ಇಲ್ಲ, ಅದಕ್ಕೆ. ಹೋಟೆಲ್ ಬಿಲ್ಲಿನ ಜಿಎಸ್‌ಟಿಯನ್ನು ರಾಜ್ಯ ಮತ್ತು ಕೇಂದ್ರ ಅರ್ಧರ್ಧ ಹಂಚಿಕೊಳ್ಳುತ್ತವೆ. ಮದ್ಯದ ಅಬಕಾರಿ ಸುಂಕ, ವಾಹನ ತೆರಿಗೆ ರಾಜ್ಯದ ಬೊಕ್ಕಸಕ್ಕೆ. ಪ್ರವಾಸಿಗರು ಬಿಟ್ಟುಹೋದ ಪ್ಲಾಸ್ಟಿಕ್ ಎತ್ತುವ ಕೆಲಸ ಮಾತ್ರ ಊರಿನ ಪಾಲಿಗೆ.

ಇದರ ಬೇರು ಕಾನೂನಿನಲ್ಲಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ವಹಿಸಬಹುದಾದ 18 ಕೆಲಸಗಳನ್ನು ಪಟ್ಟಿ ಮಾಡಿತು. ತೆರಿಗೆಗೆ ಅಂಥ ಪಟ್ಟಿ ಇಲ್ಲ. ನಗರಸಭೆ ಯಾವ ತೆರಿಗೆ ಹಾಕಬಹುದು ಎಂಬುದು ರಾಜ್ಯದ ಶಾಸನಸಭೆಗೆ ಬಿಟ್ಟ ವಿಚಾರ. ಊರೊಳಗೆ ಬರುವ ಸರಕಿನ ಮೇಲಿದ್ದ ಆಕ್ಟ್ರಾಯ್ ಸುಂಕವೂ ಕರ್ನಾಟಕದಲ್ಲಿ 1979ರಲ್ಲೇ ಹೋಯಿತು. ಈಗ ಮುಖ್ಯವಾಗಿ ಉಳಿದಿರುವುದು ಆಸ್ತಿ ತೆರಿಗೆ, ಜೊತೆಗೆ ನೀರಿನ ಕರ, ಪರವಾನಗಿ ಶುಲ್ಕ. ಆಸ್ತಿ ತೆರಿಗೆ ಮನೆ ಕಟ್ಟಡಗಳನ್ನು ನೋಡುತ್ತದೆ, ರಜೆಯಲ್ಲಿ ಬಂದುಹೋಗುವ ಜನರನ್ನಲ್ಲ.

ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಪಾಲನ್ನು ಶಿಫಾರಸು ಮಾಡಬೇಕು. ಆದರೆ ಅದು ಶಿಫಾರಸಷ್ಟೇ, ಎಷ್ಟು ಕೊಡಬೇಕೆಂದು ತೀರ್ಮಾನಿಸುವುದು ಸರ್ಕಾರ. ನನ್ನ ಪ್ರಕಾರ ಅನುದಾನ ಹಂಚುವಾಗ ಪ್ರವಾಸಿಗರ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಲೇಬೇಕು. ಆಗಸ್ಟ್ 2018ರ ಭೂಕುಸಿತ ಕಂಡ ಈ ಗುಡ್ಡದ ಊರಿನಲ್ಲಿ ಚರಂಡಿ, ತಡೆಗೋಡೆಗಳೆಂದರೆ ಜೀವ ಉಳಿಸುವ ಕೆಲಸ.