ರೇಟಿಂಗ್ 5 ಇರೋ ಸ್ಕೂಲ್‌ಗೆ ಸೇರಿಸಬಹುದಾ? – ಪ್ರತಿಕ್ರಿಯೆ
ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ ಮನೆ ಹತ್ರದ ಪಬ್ಲಿಕ್ ಎಲಿಮೆಂಟರಿಗೆ (ಸರ್ಕಾರಿ ಪ್ರೈಮರಿ ಸ್ಕೂಲ್‌ಗೆ) ಗ್ರೇಟ್‌ಸ್ಕೂಲ್ಸ್ ಅನ್ನೋ ವೆಬ್‌ಸೈಟಲ್ಲಿ ರೇಟಿಂಗ್ 10ಕ್ಕೆ 5, ಅರ್ಧಕ್ಕರ್ಧ ಮಕ್ಕಳು ಫ್ರೀ ಲಂಚ್‌ನವರು, ಮಗಳನ್ನ ಸೇರಿಸಬಹುದಾ ಅಂತ ಕೇಳಿದೀರಲ್ಲ ಮೇಡಂ, ಆ ಒಂದು ನಂಬರ್ ನೋಡಿ ಹೆದರ್ಕೋಬೇಡಿ. ಫ್ರೀ ಲಂಚ್‌ನವರು ಅನ್ನೋದು ಕಮ್ಮಿ ಆದಾಯದ ಮನೆಯವರು ಅನ್ನೋ ಲೆಕ್ಕ ಅಷ್ಟೇ, ಯಾಕಂದ್ರೆ ಕ್ಯಾಲಿಫೋರ್ನಿಯಾ ಪಬ್ಲಿಕ್ ಸ್ಕೂಲ್‌ಗಳಲ್ಲಿ 2022ರಿಂದ ಊಟ ಎಲ್ಲ ಮಕ್ಕಳಿಗೂ ಫ್ರೀನೇ.

ಆ ರೇಟಿಂಗ್ ಬಹುತೇಕ ಸ್ಟೇಟ್ ಟೆಸ್ಟ್ ಸ್ಕೋರ್ ಮೇಲೇ ಕೊಡೋದು, ಆ ಟೆಸ್ಟ್ ಶುರುವಾಗೋದೇ 3ನೇ ಕ್ಲಾಸಿಂದ, ಅಂದ್ರೆ ನಿಮ್ಮ ಸ್ಕೂಲಲ್ಲಿ 3, 4, 5 ಮಾತ್ರ. ಸ್ಟೇಟ್‌ನವರ ರಿಸಲ್ಟ್ ಸೈಟಲ್ಲಿ ಗುಂಪುವಾರು ನೋಡಿ, ಬಡ ಮಕ್ಕಳು ಬೇರೆ, ಅಪ್ಪ ಅಮ್ಮ ಎಷ್ಟು ಓದಿದಾರೆ ಅನ್ನೋದು ಬೇರೆ, ಹಾಗೆ ನೋಡಿದ್ರೆ ಎಷ್ಟೋ ಸಲ ರೇಟಿಂಗ್ 5ರ ಸ್ಕೂಲಿಗೂ 8ರ ಸ್ಕೂಲಿಗೂ ಅಂಥಾ ವ್ಯತ್ಯಾಸ ಇರಲ್ಲ. ಇಂಗ್ಲಿಷ್ ಕಲೀತಿರೋ ಮಕ್ಕಳ ಸ್ಕೋರ್ ಯಾವಾಗ್ಲೂ ಕಮ್ಮಿನೇ ಕಾಣತ್ತೆ, ಯಾಕಂದ್ರೆ ಚೆನ್ನಾಗಿ ಕಲಿತ ತಕ್ಷಣ ಆ ಗುಂಪಿಂದ ಹೊರಗೆ ಹಾಕ್ತಾರೆ.

ಅಂದಹಾಗೆ ಅಡ್ಮಿಷನ್ ಫಾರ್ಮಲ್ಲಿ ಮನೆ ಭಾಷೆ ಕನ್ನಡ ಅಂತ ಬರೆದ್ರೆ ಮಗಳಿಗೂ ಎಲ್ಪ್ಯಾಕ್ ಅಂತ ಇಂಗ್ಲಿಷ್ ಟೆಸ್ಟ್ ಕೊಡ್ತಾರೆ, ಗಾಬರಿ ಬೇಡ, ನಿಜಾನೇ ಬರೀರಿ. ನಾನಾಗಿದ್ರೆ ಒಂದ್ಸಲ ಹೋಗಿ ಪ್ರಿನ್ಸಿಪಾಲ್ ಹತ್ರ ಮಾತಾಡಿ, ಕ್ಲಾಸಲ್ಲಿ ಎಷ್ಟು ಮಕ್ಕಳಿದಾರೆ, ಟೀಚರ್‌ಗಳು ವರ್ಷ ವರ್ಷ ಬದಲಾಗ್ತಾರಾ ಅಂತ ಕೇಳ್ತಿದ್ದೆ.