ಬಾದಾಮಿ ಶಾಸನದ ಫಾಂಟಿನಲ್ಲಿ ಗುಣಿತಾಕ್ಷರಗಳಿಗೆ ಯಾವ ಕೋಡ್ ಕೊಡಲಿ?

ಪ್ರೈವೇಟ್ ಯೂಸ್ ಏರಿಯಾದಲ್ಲಿ, ಅಂದರೆ ಲಿಪಿಗಳಿಗೆಲ್ಲ ಕೋಡ್ ಕೊಡುವ ಯೂನಿಕೋಡ್ ಯಾವ ಅಕ್ಷರಕ್ಕೂ ಕೊಡದೆ ಸ್ವಂತ ಬಳಕೆಗೆ ಬಿಟ್ಟಿರುವ ಜಾಗದಲ್ಲಿ, ಒಂದು ಗುಣಿತಾಕ್ಷರವನ್ನೂ ಇಡಬೇಡಿ. ಚಾಲುಕ್ಯರ ಕಾಲದ ಲಿಪಿಗೆ ಯೂನಿಕೋಡ್‌ನಲ್ಲಿ ಬೇರೆ ಜಾಗ ಇಲ್ಲ, ಶಾಸನದಲ್ಲಿ ಎ-ಏ ಎರಡಕ್ಕೂ ಒಂದೇ ಚಿಹ್ನೆ, ಅದಕ್ಕೇ ಸ್ವಂತ ಕೋಡ್ ಕೊಡೋಣ ಅಂತ ಕೇಳಿದ್ದೀರಿ. ನಾನೂ ಹೀಗೇ ಶುರು ಮಾಡಿದವನು.

ನಾನು ಬಾಗಲಕೋಟೆಯವನು. ಬಾದಾಮಿಯ ಅಗಸ್ತ್ಯ ತೀರ್ಥದ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಕ್ರಿ.ಶ. 700ರ ಆಸುಪಾಸಿನದು, ಅದರ ಫೋಟೊ ಮುಂದಿಟ್ಟುಕೊಂಡು ಅಕ್ಷರ ಬಿಡಿಸಲು ಕೂತೆ. ಆ ಕಾಲದ ಏತ್ವ, ಅಂದರೆ 'ಕೆ'ಯಲ್ಲಿರುವ ಎಕಾರದ ಚಿಹ್ನೆ, ಅಕ್ಷರದ ತಲೆಯ ಎಡಬದಿಗೆ ಅಂಟಿಕೊಳ್ಳುತ್ತದೆ. ಎಲ್ಲ ಅಕ್ಷರಕ್ಕೂ ಒಂದೇ ಥರ ಕೂರುವುದಿಲ್ಲ. ಇಡೀ ಕಾಗುಣಿತವನ್ನೇ ಬಿಡಿಸಿ ಒಂದೊಂದಕ್ಕೂ ಕೋಡ್ ಕೊಟ್ಟುಬಿಡುವುದು ಸುಲಭ ಅನ್ನಿಸಿತು. ಪ್ರೈವೇಟ್ ಯೂಸ್ ಏರಿಯಾದಲ್ಲಿ 6,400 ಖಾಲಿ ಕೋಡ್‌ಗಳಿವೆ, ಸಾಲದೆ ಬರುವ ಮಾತೇ ಇಲ್ಲ.

ಪರದೆ ಮೇಲೆ ಬಹಳ ಚೆನ್ನಾಗಿ ಕಂಡಿತು. ಆಮೇಲೆ ಒತ್ತಕ್ಷರಗಳು ಬಂದವು, ಪಟ್ಟಿ ಉದ್ದವಾಯಿತು. ಕ್ರಮ ಸರಿಯಾಗಿರಲಿ ಅಂತ ಫಾಂಟಿನ ಮುಂದಿನ ಆವೃತ್ತಿಯಲ್ಲಿ ಕೋಡ್‌ಗಳನ್ನು ಹೊಸದಾಗಿ ಜೋಡಿಸಿದೆ. ಕೆಟ್ಟಿದ್ದು ಅಲ್ಲೇ. ಹಳೇ ಫೈಲ್ ತೆರೆದರೆ 'ಪೆ' ಇರಬೇಕಾದಲ್ಲಿ 'ಬಿ'. ಯಾವ ಫೈಲ್ ಯಾವ ಆವೃತ್ತಿಯದು ಅಂತ ಎಲ್ಲೂ ಬರೆದಿಟ್ಟಿರಲಿಲ್ಲ. ಪುಟ ಜೋಡಿಸುವವರು ಫಾಂಟ್ ಬದಲಿಸಿದರೆ ಬರೀ ಖಾಲಿ ಚೌಕ. ಶಾಸನದ 'ಪೆಱನಲ್ಲ' ಅನ್ನುವ ಪದ ಹುಡುಕಿದರೆ ಸಿಗುತ್ತಿರಲಿಲ್ಲ. ಯಾಕೆಂದರೆ ಕಂಪ್ಯೂಟರಿನ ಪಾಲಿಗೆ ಆ ಫೈಲಿನಲ್ಲಿ ಪ ಇಲ್ಲ, ಏತ್ವ ಇಲ್ಲ, ಕನ್ನಡವೇ ಇಲ್ಲ. ಟೈಪ್ ಮಾಡಿದ್ದನ್ನೆಲ್ಲ ಫೋಟೊ ನೋಡಿ ಮತ್ತೆ ಟೈಪ್ ಮಾಡಿದೆ. ಇಂಗ್ಲಿಷ್ ಅಕ್ಷರಗಳ ಕೋಡ್‌ಗೆ ಕನ್ನಡದ ಆಕಾರ ಕೊಟ್ಟಿದ್ದ ಹಳೇ ಆಸ್ಕಿ ಫಾಂಟಿನ ಕನ್ನಡ ಫೈಲ್ ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು, ನೆನಪಿದೆ ಅಲ್ವಾ? ಅದೇ ಕಾಯಿಲೆ ಇದು. ಅಕ್ಷರಕ್ಕೆ ಕೊಡಬೇಕಾದ ಕೋಡನ್ನು ಅದರ ಆಕಾರಕ್ಕೆ ಕೊಟ್ಟಿದ್ದೆ.

ಈಗಿನ ಕನ್ನಡದ ಕೋಡ್‌ಗಳನ್ನೇ ಬಳಸಿ, ಶಾಸನದ ಆಕಾರವನ್ನು ಅವಕ್ಕೆ ಕೊಡಿ. ಱ, ೞ ಕೂಡ ಅಲ್ಲೇ ಇವೆ. ಏತ್ವ ಅಂಟುವ ಜಾಗಕ್ಕೆ ಆಂಕರ್ (ಚಿಹ್ನೆ ಎಲ್ಲಿ ಕೂರಬೇಕು ಅಂತ ಫಾಂಟಿನಲ್ಲಿ ಗುರುತಿಸುವ ಬಿಂದು) ಇಡಿ. ಹೊಂದದ ಜೋಡಿಗೆ ಮಾತ್ರ ಲಿಗೇಚರ್, ಅಂದರೆ ಎರಡನ್ನೂ ಸೇರಿಸಿ ಬಿಡಿಸಿದ ಒಂದೇ ಆಕಾರ.

ಓತ್ವದ ಹತ್ತಿರ ಹುಷಾರು. ಯೂನಿಕೋಡ್ ಲೆಕ್ಕದಲ್ಲಿ 'ಕೇ' ಅಂದರೆ ಏತ್ವ, ಅದರ ಮುಂದೊಂದು ದೀರ್ಘ. 'ಕೊ' ಅಂದರೆ ಏತ್ವ, ಜೊತೆಗೆ ಕೊಂಬಿನ ದೀರ್ಘ. 'ಕೋ' ಆದರೆ ಅದರ ಮೇಲೆ ಇನ್ನೊಂದು ದೀರ್ಘ. ಪಠ್ಯದ ಕೋಡ್‌ಗಳಿಗೆ ಫಾಂಟಿನ ಆಕಾರ ಜೋಡಿಸುವ ತಂತ್ರಾಂಶ ಹಾರ್ಫ್‌ಬಜ್ ಇವನ್ನು ಹೀಗೆ ಬಿಡಿಸಿಯೇ ಫಾಂಟಿಗೆ ಕೊಡುತ್ತದೆ. ನೀವು ಓತ್ವಕ್ಕೆ ಎಷ್ಟೇ ಚೆಂದದ ಗ್ಲಿಫ್ (ಫಾಂಟಿನಲ್ಲಿರುವ ಆಕಾರ) ಬಿಡಿಸಿಟ್ಟರೂ ಕಾಣುವುದು ಏತ್ವ ಮತ್ತು ಕೊಂಬಿನ ದೀರ್ಘ. ಆದ್ದರಿಂದ ನಿಯಮ ಬರೆಯಿರಿ: ಏತ್ವದ ಮುಂದೆ ಕೊಂಬಿನ ದೀರ್ಘ ಬಂದರೆ ಎರಡೂ ಸೇರಿ ಶಾಸನದ ಓತ್ವ ಆಗಬೇಕು. ಏತ್ವ, ಓತ್ವಗಳ ಮುಂದಿನ ದೀರ್ಘ ಕಾಣಬಾರದು. 'ಕೀ' ಕೂಡ ಹೀಗೇ ಒಡೆಯುತ್ತದೆ. ಆದರೆ ಅಲ್ಲಿ ದೀರ್ಘವನ್ನು ಅಳಿಸಬೇಡಿ, ಕಲ್ಲಿನಲ್ಲಿ ಗುಡಿಸು ಬೇರೆ, ಗುಡಿಸಿನ ದೀರ್ಘ ಬೇರೆ.

ಕಲ್ಲಿನಲ್ಲಿ ಭೇದವೇ ಇಲ್ಲದಿದ್ದರೆ ಎ ಒತ್ತಬೇಕೋ ಏ ಒತ್ತಬೇಕೋ? ಓದುವ ಹಾಗೆ ಟೈಪ್ ಮಾಡಿ. ಕಲ್ಲಿನಲ್ಲಿ ಇದ್ದ ಹಾಗೇ ಇಡಬೇಕು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಏ ಇಟ್ಟರೆ ಫಾಂಟ್ ಅದನ್ನು ಕಲ್ಲಿನ ಹಾಗೆ ತೋರಿಸುತ್ತದೆ. ಬರೀ ಎ ಇಟ್ಟರೆ ಏ ವಾಪಸ್ ಬರಲು ಛಂದಸ್ಸು ಬಲ್ಲವರೇ ಕೂರಬೇಕು. ಬೆಳಗಾವಿ ಕಡೆಯ ಹಳೇ ಕಾಗದಪತ್ರಗಳ ಮೋಡಿ ಲಿಪಿಯನ್ನೇ ನೋಡಿ. ಬರವಣಿಗೆಯಲ್ಲಿ ಸಾಮಾನ್ಯವಾಗಿ ಇ-ಈ ಭೇದ ಇರುವುದಿಲ್ಲ. ಆದರೂ 2014ರಲ್ಲಿ ಯೂನಿಕೋಡ್ ಎರಡಕ್ಕೂ ಕೋಡ್ ಕೊಟ್ಟಿತು.

ಈಗಾಗಲೇ ಸ್ವಂತ ಕೋಡ್‌ನಲ್ಲಿ ಟೈಪ್ ಮಾಡಿದ್ದೀರಾದರೆ ಫಾಂಟನ್ನು ಮುಟ್ಟಬೇಡಿ. ಯಾವ ಕೋಡ್ ಯಾವ ಅಕ್ಷರ ಅಂತ ಪಟ್ಟಿ ಮಾಡಿ, ಫೈಲ್‌ಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿಕೊಳ್ಳಿ. ಫಾಂಟಿನ ಕೆಲಸ ಆಮೇಲೆ.